ಗೊಬ್ಬರ ಕೊಳೆಯುತ್ತದೆಯೋ, ಕಳಿಯುತ್ತದೆಯೋ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ನಮ್ಮ ವಸತಿ ಸಮುಚ್ಚಯದಲ್ಲಿ 22 ಮನೆಗಳ ಹಸಿ ಕಸವನ್ನು ಅಲ್ಲಿಯೇ ಗೊಬ್ಬರ ಮಾಡುತ್ತೇವೆ. ತೊಟ್ಟಿಗಳಿಗೆ ಅಂಟಿಸುವ ಸೂಚನೆಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

‘ಕಸ ಕೊಳೆಯಲು ಎರಡು ತಿಂಗಳು ಬೇಕು’ ಎಂದು ಬರೆದಿದ್ದೆ. ಗಿಡಗಳನ್ನು ನೋಡಿಕೊಳ್ಳುವ ಮಂಡ್ಯ ಕಡೆಯ ಹಿರಿಯರು ಓದಿ, ‘ಕೊಳೆತರೆ ನಾರುತ್ತದೆ ಸ್ವಾಮಿ, ಇದು ಕಳಿಯಬೇಕು’ ಎಂದರು. ಎರಡು ತೊಟ್ಟಿಗಳ ಮುಚ್ಚಳ ತೆಗೆದು ತೋರಿಸಿದರು. ಒಂದಕ್ಕೆ ಯಾರೋ ಸಾರನ್ನ ಸುರಿದು ಒಣ ಎಲೆ ಹಾಕದೆ ಹೋಗಿದ್ದರು; ಎಲ್ಲವೂ ಲೋಳೆಗಟ್ಟಿ ಹುಳಿ ನಾತ ಹೊಡೆಯುತ್ತಿತ್ತು. ಇನ್ನೊಂದರಲ್ಲಿ ಬಾಳೆಸಿಪ್ಪೆ, ಕಾಫಿ ಚರಟ, ಸೊಪ್ಪಿನ ದಂಟು ಎಲ್ಲ ಕಪ್ಪು ಪುಡಿಯಾಗಿ, ಮಾವಿನ ವಾಟೆಯೊಂದೇ ಗುರುತು ಸಿಗುವಂತಿತ್ತು. ಮಳೆ ಬಿದ್ದ ಮಣ್ಣಿನ ವಾಸನೆ.

ಹಿರಿಯರ ಮಾತು ಸರಿ. ಕೃಷಿ ಕೈಪಿಡಿಗಳಲ್ಲಿಯೂ ‘ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ’ ಎಂದು ಇರುವುದುಂಟು. ಕಳಿತ ಬಾಳೆಹಣ್ಣು ರಸಾಯನಕ್ಕೆ, ಕೊಳೆತದ್ದು ತಿಪ್ಪೆಗೆ. ಗಾಳಿಯಾಡಿದರೆ ಕಳಿಯುವುದು, ಗಾಳಿ ಕಟ್ಟಿದರೆ ಕೊಳೆಯುವುದು ಎಂದು ಗೆರೆ ಎಳೆಯಲು ಹೊರಟೆ. ಆದರೆ 1939ರಲ್ಲಿ ವಿಜ್ಞಾನಿ ಸಿ.ಎನ್. ಆಚಾರ್ಯರು ರೂಪಿಸಿದ, ಗೊಬ್ಬರ ಮಾಡುವ ‘ಬೆಂಗಳೂರು ವಿಧಾನ’ ಅಡ್ಡ ಬಂತು. ಅದರಲ್ಲಿ ಕಸವನ್ನು ಗುಂಡಿಯಲ್ಲಿ ಪದರ ಪದರವಾಗಿ ತುಂಬಿ ಮೇಲೆ ಮಣ್ಣು ಮೆತ್ತುತ್ತಾರೆ. ಹೆಚ್ಚುಕಡಿಮೆ ಗಾಳಿಯಿಲ್ಲದೆಯೇ ತಿಂಗಳುಗಟ್ಟಲೆ ಇದ್ದು ಒಳ್ಳೆಯ ಗೊಬ್ಬರವಾಗುತ್ತದೆ. ಹಾಗಾಗಿ ಭೇದ ಇರುವುದು ಗಾಳಿಯಲ್ಲಲ್ಲ, ಹದದಲ್ಲಿ ಎಂದು ನನಗೆ ತೋರುತ್ತದೆ. ಹದಕ್ಕೆ ಬಂದದ್ದು ಕಳಿತದ್ದು, ಕೆಟ್ಟದ್ದು ಕೊಳೆತದ್ದು.

ಈಗ ನನ್ನ ತೊಡಕು. ‘ಕಳಿ’ಯ ಪ್ರೇರಣಾರ್ಥಕ ರೂಪ, ಅಂದರೆ ‘ಕಳಿಯುವಂತೆ ಮಾಡು’ ಎನ್ನುವ ಒಂದೇ ಪದ, ಯಾವುದು? ‘ಕಸವನ್ನು ಇಲ್ಲಿಯೇ ಕಳಿಸಿ’ ಎಂದರೆ ಓದುವವರು ‘ಕಳುಹಿಸಿ’ ಎಂದುಕೊಳ್ಳುತ್ತಾರೆ. ‘ಮಾಗಿಸಿ’ ಹಣ್ಣಿನ ಮಾತು. ‘ವಿಘಟಿಸಿ’ ಸುತ್ತೋಲೆಯ ಪದ, ಅಡುಗೆಮನೆಯಲ್ಲಿ ಯಾರೂ ಆಡುವುದಿಲ್ಲ. ‘ಕಾಂಪೋಸ್ಟ್ ಮಾಡಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ನಿಜ. ಆದರೆ ಆ ಹಿರಿಯರು ಒಂದೇ ಪದದಲ್ಲಿ ಹಿಡಿದ ಹದ ಅದರಲ್ಲಿಲ್ಲ. ಸದ್ಯಕ್ಕೆ ‘ಕಳಿಯಲು ಬಿಡಿ’ ಎಂದು ಬರೆದಿದ್ದೇನೆ.

ಮಲೆನಾಡಿನವರು, ಕರಾವಳಿಯವರು ಸೊಪ್ಪು ಹಾಸಿ ಗೊಬ್ಬರ ಮಾಡುವಾಗ ಏನೆನ್ನುತ್ತೀರಿ? ಧಾರವಾಡ, ಕಲಬುರಗಿ ಕಡೆ? ತೊಟ್ಟಿಯ ತಳದಿಂದ ಇಳಿಯುವ ಕಂದು ನೀರಿಗೂ ಒಂದು ಹೆಸರು ಬೇಕಾಗಿದೆ. ಕಲಗಚ್ಚು ಎನ್ನಲಾಗದು, ಅದು ದನಕ್ಕೆ ಇಡುವಂಥದ್ದು. ‘ಬಸಿನೀರು’ ನಡೆದೀತೇ? ಶನಿವಾರ ಫಲಕ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ತಿಳಿಸಿದರೆ ಉಪಕಾರ.