ಕೂಸಿನ ಟೋಪಿಗೆ ಎಷ್ಟು ಕುಣಿಕೆ, ಗೊಂಬೆಯ ಸ್ವೆಟರಿಗೆ ಯಾವ ಕಡ್ಡಿ?

ಪ್ರಶ್ನೆ: ಸಾಗರದಿಂದ ಒಬ್ಬ ನಿವೃತ್ತ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನಗೀಗ 64 ವರ್ಷ. ಒಂಬತ್ತನೆಯ ವಯಸ್ಸಿನಲ್ಲಿ ದಸರಾ ರಜೆಗೆಂದು ಮಡಿಕೇರಿಯ ಸೋದರತ್ತೆಯ ಮನೆಗೆ ಹೋಗಿದ್ದಾಗ, ಹೊರಗೆ ಆಡಲು ಬಿಡದ ಮಳೆಯಲ್ಲಿ ಅತ್ತೆ ನನ್ನ ಕೈಗೆ ಎರಡು ಕಡ್ಡಿ ಕೊಟ್ಟು ಸೀದಾ, ಉಲ್ಟಾ ಎಂಬ ಎರಡು ಬಗೆಯ ಕುಣಿಕೆಗಳನ್ನೂ ಕಲಿಸಿದರು. ಅಂದಿನಿಂದ ಇಂದಿನವರೆಗೂ ಹೆಣಿಗೆಯನ್ನು ಬಿಟ್ಟಿಲ್ಲ. ಆದರೆ ಹೆಣೆದದ್ದು ಮುಖ್ಯವಾಗಿ ಎರಡೇ: ಟೋಪಿಗಳು ಮತ್ತು ಗೊಂಬೆಯ ಬಟ್ಟೆಗಳು. ಶಾಲೆ, ಮನೆ, ಮಕ್ಕಳ ನಡುವೆ ಸಂಜೆ ಸಿಗುತ್ತಿದ್ದ ಅರ್ಧ ಗಂಟೆಗೆ ಒಂದು ವಾರದಲ್ಲಿ ಮುಗಿಯುವ ಕೆಲಸವೇ ಒಗ್ಗಿತು. ನೆಂಟರಲ್ಲಿ ಯಾರಾದರೂ ಬಸುರಿ ಎಂದು ತಿಳಿದ ದಿನವೇ ಉಂಡೆ ಬಿಚ್ಚುತ್ತೇನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಯನ್ನು ನೆನಪಿಸುವವರು ಇದ್ದೇ ಇದ್ದಾರೆ, ಆದರೆ ಹುಟ್ಟಿದ ಗಳಿಗೆಯಲ್ಲಿಯೇ ಬೇಕಾಗುವ ವಸ್ತುವನ್ನು ಮುಂಚೆಯೇ ಮಾಡಿಡಬೇಕಲ್ಲವೇ?

ಈಗ ನನ್ನ ತೊಂದರೆ. ಕಳೆದ ಮಳೆಗಾಲದಲ್ಲಿ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿಗೆ 20 ಟೋಪಿಗಳನ್ನು ಕೊಟ್ಟೆ. ತಿಂಗಳಾದ ಮೇಲೆ ವಿಚಾರಿಸಿದಾಗ, ಹೆಚ್ಚಿನವು ಕೂಸಿನ ಕಣ್ಣಿನ ಮೇಲೆ ಜಾರುತ್ತವೆ ಎಂದು ಅಲ್ಲಿನ ದಾದಿ ಬಹಳ ಸೌಜನ್ಯದಿಂದಲೇ ಹೇಳಿದರು. ಐವತ್ತೈದು ವರ್ಷಗಳಿಂದ ಅತ್ತೆ ಹೇಳಿಕೊಟ್ಟಂತೆ 10ನೇ ನಂಬರಿನ ಕಡ್ಡಿಯಲ್ಲಿ 96 ಕುಣಿಕೆ ಹಾಕುತ್ತಾ ಬಂದವಳಿಗೆ ಆ ಮಾತು ಮನಸ್ಸಿಗೆ ನಾಟಿತು. ಲೆಕ್ಕದಲ್ಲಿ ತಪ್ಪೆಲ್ಲಿದೆ?

ಇನ್ನೊಂದು ಸಂಗತಿ. ಮೊಮ್ಮಗಳ ಬಾರ್ಬಿ ಗೊಂಬೆಗೆ ಸ್ವೆಟರ್ ಹೆಣೆಯಲು ಅಮೆರಿಕದ ಒಂದು ವಿನ್ಯಾಸವನ್ನು ಇಳಿಸಿಕೊಂಡೆ. ಅದರಲ್ಲಿ 3ನೇ ನಂಬರಿನ ಕಡ್ಡಿ ಎಂದಿದೆ. ನನ್ನ ಪೆಟ್ಟಿಗೆಯಲ್ಲಿರುವ 3ನೇ ನಂಬರು ಪೆನ್ಸಿಲಿಗಿಂತ ಸ್ವಲ್ಪವೇ ಸಪೂರ. ಅದರಲ್ಲಿ ಹೆಣೆದದ್ದು ಗೊಂಬೆಗೆ ಕಂಬಳಿಯಾಯಿತು. ತೋಳಿನೊಳಗೆ ಗೊಂಬೆಯ ಬೆರಳು ಸಿಕ್ಕಿಕೊಳ್ಳುವುದಕ್ಕೂ ಉಪಾಯ ಬೇಕು. ಜೊತೆಗೆ ಬಲಗೈ ಹೆಬ್ಬೆರಳಿನ ಬುಡ ಇತ್ತೀಚೆಗೆ ನೋಯುತ್ತದೆ. ಹೆಣಿಗೆ ನಿಲ್ಲಿಸದೆ ಸುಧಾರಿಸುವ ದಾರಿಯಿದ್ದರೆ ತಿಳಿಸಿ.

ಉತ್ತರ 1: ಬೆಂಗಳೂರಿನಲ್ಲಿ ಹೆಣಿಗೆ ಕಲಿಸುವವರು

ಅಮ್ಮಾ, ನಿಮ್ಮ ಅತ್ತೆಯವರ ಲೆಕ್ಕ ತಪ್ಪಿರಲಾರದು. ಅವರ ಕೈಯ ಬಿಗಿ ಬೇರೆ, ಅಂದಿನ ನೂಲು ಬೇರೆ. ಕುಣಿಕೆಯ ಸಂಖ್ಯೆಯನ್ನು ಬಾಯಿಪಾಠ ಮಾಡುವ ಬದಲು ಅಳತೆಯಿಂದ ಹೊರಡಬೇಕು. ಟೋಪಿಗೆ ಬಳಸುವ ನೂಲಿನಲ್ಲೇ, ಬಳಸುವ ಕಡ್ಡಿಯಲ್ಲೇ ಅಂಗೈಯಗಲದ ಒಂದು ತುಂಡನ್ನು ಹೆಣೆದು, ಒಗೆದು, ಒಣಗಿಸಿ, ಎಳೆಯದೆ ಮೇಜಿನ ಮೇಲೆ ಹಾಸಿ, 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆಗಳಿವೆ ಎಂದು ಎಣಿಸಿ. ಒಗೆಯುವುದನ್ನು ಬಿಡಬೇಡಿ, ಏಕೆಂದರೆ ಕೆಲವು ನೂಲುಗಳು ನೀರು ಕಂಡ ಮೇಲೆಯೇ ತಮ್ಮ ನಿಜವಾದ ಅಗಲಕ್ಕೆ ಬರುತ್ತವೆ.

10ನೇ ನಂಬರಿನ ಕಡ್ಡಿ ಎಂದರೆ 3.25 ಮಿಲಿಮೀಟರು. ತೆಳು ಬೇಬಿ ಉಲ್ಲನ್ನಿನಲ್ಲಿ ನಿಮಗೆ 10 ಸೆಂಟಿಮೀಟರಿಗೆ 26 ಕುಣಿಕೆ ಬಂತೆಂದು ಇಟ್ಟುಕೊಳ್ಳೋಣ. ಆಗ 96 ಕುಣಿಕೆಗಳ ಟೋಪಿಯ ಸುತ್ತಳತೆ ಸುಮಾರು 37 ಸೆಂಟಿಮೀಟರಾಗುತ್ತದೆ. ದಿನ ತುಂಬಿ ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 35 ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಟೋಪಿ ತಲೆಗಿಂತ ದೊಡ್ಡದಾಗಿದ್ದರೆ ಜಾರದೆ ಇನ್ನೇನಾದೀತು? ಹೆಣಿಗೆ ಹಿಗ್ಗುವ ಬಟ್ಟೆಯಾದ್ದರಿಂದ ಟೋಪಿ ತಲೆಗಿಂತ ಮೂರು ನಾಲ್ಕು ಸೆಂಟಿಮೀಟರು ಚಿಕ್ಕದಿರಬೇಕು. 31 ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ 80 ಕುಣಿಕೆ ಬರುತ್ತದೆ. ಈ ಸಂಖ್ಯೆ ನನಗೆ ಬಹಳ ಇಷ್ಟ, ಏಕೆಂದರೆ 4ರಿಂದ ಭಾಗವಾಗುವುದರಿಂದ ಎರಡು ಸೀದಾ ಎರಡು ಉಲ್ಟಾದ ಪಟ್ಟಿಗೂ, 8ರಿಂದ ಭಾಗವಾಗುವುದರಿಂದ ನೆತ್ತಿಯ ಇಳಿಕೆಗೂ ಹೊಂದುತ್ತದೆ.

ಮೊದಲ 3 ಸೆಂಟಿಮೀಟರು ಪಟ್ಟಿ ಹೆಣೆದು, ಬುಡದಿಂದ 10 ಸೆಂಟಿಮೀಟರಾಗುವವರೆಗೆ ಸೀದಾ ಮುಂದುವರಿಸಿ. ಬಳಿಕ ಎಂಟು ಸೀದಾ ಹೆಣೆದು ಮುಂದಿನ ಎರಡನ್ನು ಜೋಡಿಸಿ ಒಂದು ಮಾಡುವುದನ್ನು ಸುತ್ತಿನುದ್ದಕ್ಕೂ ಮಾಡಿದರೆ 72 ಉಳಿಯುತ್ತದೆ. ಒಂದು ಸುತ್ತು ಬರಿದೇ ಹೆಣೆಯಿರಿ. ಆಮೇಲೆ ಏಳು ಹೆಣೆದು ಜೋಡಿಸಿದರೆ 64. ಹೀಗೆಯೇ ಇಳಿಸುತ್ತಾ ಎಂಟು ಕುಣಿಕೆ ಉಳಿದಾಗ ನೂಲನ್ನು ಕತ್ತರಿಸಿ, ದಪ್ಪ ಸೂಜಿಯಿಂದ ಆ ಎಂಟರೊಳಗೂ ಎರಡು ಸಲ ಹಾಯಿಸಿ ಬಿಗಿದರೆ ನೆತ್ತಿ ಮುಚ್ಚುತ್ತದೆ. ಎರಡು ಕಡ್ಡಿಗಳಲ್ಲಿ ಚಪ್ಪಟೆಯಾಗಿ ಹೆಣೆಯುವವರಾದರೆ ಹೊಲಿಗೆಗೆಂದು ಆಚೆ ಈಚೆ ಒಂದೊಂದು ಸೇರಿಸಿ 82 ಹಾಕಿಕೊಳ್ಳಿ.

ಅದೇ ನೂಲಿನಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳಿಗೆ 64, ವರ್ಷ ತುಂಬಿದ ಮಗುವಿಗೆ 104 ಕುಣಿಕೆ ಸರಿಹೋಗುತ್ತದೆ. ಆ ಪ್ರಾಯಕ್ಕೆ ತಲೆ 46 ಸೆಂಟಿಮೀಟರಿನವರೆಗೆ ಬೆಳೆದಿರುತ್ತದೆ.

ಹೆಬ್ಬೆರಳಿನ ವಿಷಯಕ್ಕೆ: ಲೋಹದ ಉದ್ದ ಕಡ್ಡಿಗಳನ್ನು ಬಿಟ್ಟು ಬಿದಿರಿನ ಸರ್ಕ್ಯುಲರ್ ಕಡ್ಡಿಗೆ, ಅಂದರೆ ಬಳುಕುವ ದಾರದಿಂದ ಜೋಡಿಸಿದ ಎರಡು ಗಿಡ್ಡ ಕಡ್ಡಿಗಳಿಗೆ, ಬದಲಾಯಿಸಿ ನೋಡಿ. ಹೆಣೆದ ಭಾಗದ ಭಾರ ಮಣಿಕಟ್ಟಿನ ಮೇಲೆ ಬೀಳದೆ ಮಡಿಲಲ್ಲಿ ಕೂರುತ್ತದೆ, ಬಿದಿರು ಜಾರದಿರುವುದರಿಂದ ಬಿಗಿಯಾಗಿ ಹಿಡಿಯಬೇಕಾಗಿಯೂ ಇಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಬಿಡಿಸಿ. ನೋವು ಹಾಗೆಯೇ ಉಳಿದರೆ ವೈದ್ಯರಿಗೆ ತೋರಿಸುವುದನ್ನು ಮುಂದೂಡಬೇಡಿ.

ಉತ್ತರ 2: ನವಜಾತ ಶಿಶುಗಳ ವಾರ್ಡಿನಲ್ಲಿ ದುಡಿದ ಒಬ್ಬ ದಾದಿ

ಅಮ್ಮಾ, ನಿಮ್ಮಂಥವರ ಟೋಪಿಗಳನ್ನು ನಾನು ಎಷ್ಟೋ ಕೂಸುಗಳಿಗೆ ತೊಡಿಸಿದ್ದೇನೆ. ಹುಟ್ಟಿದ ಕೂಸಿನ ಉದ್ದದಲ್ಲಿ ಸುಮಾರು ಕಾಲುಭಾಗ ತಲೆಯೇ ಇರುವುದರಿಂದ ಅಲ್ಲಿಂದ ಬಿಸಿ ಬೇಗ ಹೋಗುತ್ತದೆ. ಒರೆಸಿ ಒಣಗಿಸಿದ ಕೂಡಲೇ ತಲೆ ಮುಚ್ಚುವುದು ಇದಕ್ಕಾಗಿ. ತೂಕ ಕಡಿಮೆಯಿರುವ ಕೂಸನ್ನು ತಾಯಿಯ ಎದೆಗೆ ಒತ್ತಿ ಕಟ್ಟುವ ಕಾಂಗರೂ ಆರೈಕೆಯಲ್ಲಂತೂ ಕೂಸಿನ ಮೈಮೇಲೆ ಟೋಪಿ, ಡೈಪರು, ಕಾಲುಚೀಲ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ.

ಎರಡು ಕೋರಿಕೆಗಳಿವೆ. ಉಲ್ಲನ್ ಚೆಂಡು, ಗುಂಡಿ, ಮಣಿ, ಗಲ್ಲದ ಕೆಳಗೆ ಕಟ್ಟುವ ದಾರ ಇವು ಯಾವುವೂ ಬೇಡ, ಕೂದಲೆದ್ದ ನೂಲೂ ಬೇಡ. ಮತ್ತೆ, ಕೊಡುವ ಮೊದಲು ವಾರ್ಡಿನವರನ್ನು ಕೇಳಿ, ಅವರಿಗೆ ಯಾವ ಅಳತೆ ಬೇಕೆಂದು ತಿಳಿದುಕೊಂಡು, ಒಗೆದೇ ಕೊಡಿ. ಮನೆಗೆ ಹೋದ ಮೇಲೆ ಸೆಕೆಯ ಕೋಣೆಯಲ್ಲಿ ಮಲಗಿದ ಕೂಸಿಗೆ ಟೋಪಿ ಹಾಕಿಡಬಾರದೆಂಬುದನ್ನು ಬಾಣಂತಿಯರಿಗೆ ನಾವು ಮತ್ತೆ ಮತ್ತೆ ಹೇಳುತ್ತಿದ್ದೆವು. ಮೈ ಅತಿಯಾಗಿ ಬಿಸಿಯಾಗುವುದೂ ಅಪಾಯವೇ.

ಉತ್ತರ 3: ಅಮೆರಿಕದಲ್ಲಿ ನೆಲೆಸಿರುವ ಕನ್ನಡತಿ

ಕಡ್ಡಿಯ ಗೊಂದಲ ನನಗೂ ಆಗಿತ್ತು. ನಮ್ಮ ಊರಿನ ಹಳೆಯ ನಂಬರುಗಳು ಬ್ರಿಟಿಷರ ಕ್ರಮದವು, ನಂಬರು ಏರಿದಂತೆ ಕಡ್ಡಿ ಸಪೂರವಾಗುತ್ತದೆ. ಇಲ್ಲಿಯದು ತಿರುವು ಮುರುವು. ನಮ್ಮ 3ನೇ ನಂಬರು 6.5 ಮಿಲಿಮೀಟರು, ಇಲ್ಲಿನ 3ನೇ ನಂಬರು 3.25 ಮಿಲಿಮೀಟರು, ಅಂದರೆ ನಿಮ್ಮ ಪೆಟ್ಟಿಗೆಯ 10ನೇ ನಂಬರು. ನಂಬರನ್ನು ನಂಬದೆ ಮಿಲಿಮೀಟರನ್ನು ಮಾತ್ರ ನೋಡಿ ಅಕ್ಕ.

ಉತ್ತರ 4: ಮೈಸೂರಿನಿಂದ, ಗೊಂಬೆ ಕೂರಿಸುವ ಮನೆಯವರು

ಗೊಂಬೆಯ ಬಟ್ಟೆಯ ಬಗ್ಗೆ ನಾಲ್ಕು ಮಾತು ಬರೆಯಲು ಅಪ್ಪಣೆಯಿರಲಿ. ನಮ್ಮ ಮನೆಯಲ್ಲಿ ಅಜ್ಜಿಯ ಮದುವೆಗೆ ಬಂದ ಪಟ್ಟದ ಗೊಂಬೆಗಳಿವೆ. ಪ್ರತಿ ನವರಾತ್ರಿಗೂ ರಾಜ ರಾಣಿಯರಿಗೆ ಹೊಸ ಉಡುಗೆಯಾಗಬೇಕು. ಜರಿಯಂಚಿನ ತುಂಡುಗಳಿಂದ ಹೊಲಿಯುವುದು ಅಮ್ಮನ ಪಾಲು, ರಾಜನ ಶಾಲನ್ನು ಹೆಣೆಯುವುದು ಮೂವತ್ತು ವರ್ಷಗಳಿಂದ ನನ್ನ ಪಾಲು. ಒಂದು ವರ್ಷ ಅಪ್ಪಟ ಉಣ್ಣೆಯಲ್ಲಿ ಹೆಣೆದಿಟ್ಟ ಶಾಲನ್ನು ಮರುವರ್ಷ ಪೆಟ್ಟಿಗೆಯಿಂದ ತೆಗೆದಾಗ ನುಸಿ ಹಿಡಿದು ಜರಡಿಯಾಗಿತ್ತು. ಉಣ್ಣೆ ಪ್ರಾಣಿಯ ಕೂದಲು, ಹುಳುವಿಗೆ ಅದು ಆಹಾರ. ಅಕ್ರಿಲಿಕ್ಕಿಗೆ ಆ ಭಯವಿಲ್ಲ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಬಹುಪಾಲು ಅಕ್ರಿಲಿಕ್ಕೇ. ಸಂಶಯವಿದ್ದರೆ ಒಂದೆಳೆಯನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುವ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ.

ಬಾರ್ಬಿಯಂಥ 29 ಸೆಂಟಿಮೀಟರಿನ ಗೊಂಬೆಗೆ ನಾನಾದರೆ 2 ಮಿಲಿಮೀಟರಿನ ಕಡ್ಡಿಯನ್ನೇ ಹಿಡಿಯುತ್ತೇನೆ, ಹಳೆಯ ಲೆಕ್ಕದ 14ನೇ ನಂಬರು. ವಿನ್ಯಾಸದಲ್ಲಿ ಹೇಳಿದ್ದಕ್ಕಿಂತ ಇದು ಸಪೂರವಾದ್ದರಿಂದ ಕುಣಿಕೆಗಳನ್ನು ಹೊಸದಾಗಿ ಲೆಕ್ಕ ಹಾಕಬೇಕು, ಆದರೆ ಅಷ್ಟು ಚಿಕ್ಕ ಮೈಮೇಲೆ ದಪ್ಪ ಹೆಣಿಗೆ ಚೆನ್ನಾಗಿ ಕೂರುವುದಿಲ್ಲ. ಬೆನ್ನನ್ನು ಕತ್ತಿನಿಂದ ಕೆಳಗಿನವರೆಗೂ ತೆರೆದಿಟ್ಟು ಸಣ್ಣ ಟಿಚ್ ಬಟನ್ ಹೊಲಿಯಿರಿ. ತೊಡಿಸುವಾಗ ಗೊಂಬೆಯ ಅಂಗೈಗೆ ಪ್ಲಾಸ್ಟಿಕ್ ಕವರಿನ ತುಂಡನ್ನು ಸುತ್ತಿದರೆ ಬೆರಳು ಎಲ್ಲಿಯೂ ಸಿಕ್ಕದೆ ತೋಳಿನಲ್ಲಿ ಸರಕ್ಕನೆ ಇಳಿಯುತ್ತದೆ. ಗೊಂಬೆಯ ಟೋಪಿಗೆ ಅಳತೆ ತೆಗೆಯುವುದು ಕೂದಲಿನ ಮೇಲಿನಿಂದ, ಬರಿಯ ತಲೆಯದಲ್ಲ. ಕಡುಗೆಂಪು, ಕಡುನೀಲಿ ನೂಲುಗಳನ್ನು ನೀರು ತಿಳಿಯಾಗುವವರೆಗೆ ಒಗೆಯದೆ ಗೊಂಬೆಗೆ ತೊಡಿಸಬೇಡಿ. ಬಣ್ಣ ಅದರ ಮೈಗೆ ಇಳಿದರೆ ಉಜ್ಜಿದರೂ ಹೋಗದು.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ತುಂಡು ಹೆಣೆದು, ಒಗೆದು ಎಣಿಸಿದೆ. ನನ್ನ ಕೈಯಲ್ಲಿ 10 ಸೆಂಟಿಮೀಟರಿಗೆ 25 ಕುಣಿಕೆ ಬಂದವು. ಅತ್ತೆ ಬಹಳ ಬಿಗಿಯಾಗಿ ಹೆಣೆಯುತ್ತಿದ್ದರು. ಅವರ ಟೋಪಿಗಳು ಮೇಜಿನ ಮೇಲಿಟ್ಟರೆ ಬೋಗುಣಿಯಂತೆ ತಾವೇ ನಿಲ್ಲುತ್ತಿದ್ದುದು ಈಗ ನೆನಪಾಗುತ್ತಿದೆ. ಲೆಕ್ಕದಂತೆ 77 ಬಂದರೂ 8ರಿಂದ ಭಾಗವಾಗಲೆಂದು 80 ಹಾಕಿ, ಎರಡು ಸಂಜೆಗಳಲ್ಲಿ ತಿಳಿ ಹಳದಿಯ ಒಂದು ಟೋಪಿಯನ್ನು ಮುಗಿಸಿದೆ. ತೊಡಿಸಿ ನೋಡಲು ಮನೆಯಲ್ಲಿ ಕೂಸಿಲ್ಲ. ಅಡುಗೆಮನೆಯಲ್ಲಿದ್ದ ಸುಲಿದ ತೆಂಗಿನಕಾಯಿಗಳಿಗೆ ಒಂದೊಂದಾಗಿ ಟೇಪು ಸುತ್ತುತ್ತಾ ಹೋದಾಗ ಮೂರನೆಯದು 34 ಸೆಂಟಿಮೀಟರು ಬಂತು. ಟೋಪಿ ಅದರ ಮೇಲೆ ಕೂತು, ಅಲುಗಿಸಿದರೂ ಜಾರಲಿಲ್ಲ. ಆ ಕಾಯಿಯನ್ನು ಒಡೆಯಬಾರದೆಂದು ಮನೆಯಲ್ಲಿ ಹೇಳಿದ್ದೇನೆ.

ವಾರ್ಡಿಗೆ ಫೋನ್ ಮಾಡಿ ಕೇಳಿದೆ. ಚಿಕ್ಕ ಅಳತೆಯವೇ ಹೆಚ್ಚು ಬೇಕಂತೆ. ಇಂದು ಸಂಜೆ 64 ಕುಣಿಕೆಯದನ್ನು ಬಿದಿರಿನ ಕಡ್ಡಿಯಲ್ಲಿ ಹಾಕಿಕೊಂಡಿದ್ದೇನೆ.