ಅಗ್ರಿಮೆಂಟ್ ಅವನ ಹೆಸರಲ್ಲಿ ಮಾತ್ರ ಇದೆ, ಪಾರ್ಟ್ನರ್ ವೀಸಾಗೆ ಏನು ತೋರಿಸಲಿ?

ಜೆ.ಪಿ. ನಗರದವಳು: ಆಸ್ಟ್ರೇಲಿಯಾದ 309 ಪಾರ್ಟ್ನರ್ ವೀಸಾಗೆ ಹಾಕಬೇಕು. ಮದುವೆ ಆಗಿಲ್ಲ, ಇಲ್ಲೇ 14 ತಿಂಗಳು ಒಟ್ಟಿಗೆ ಇದ್ವಿ. ಅವನು ಪಿಆರ್ (ಅಲ್ಲೇ ಕಾಯಂ ಇರೋ ಅನುಮತಿ) ಸಿಕ್ಕಿ ಮೆಲ್ಬರ್ನ್‌ಗೆ ಹೋಗಿ ನಾಲ್ಕು ತಿಂಗಳಾಯ್ತು. ರೆಂಟಲ್ ಅಗ್ರಿಮೆಂಟ್ ಅವನ ಹೆಸರಲ್ಲಿ, ಬೆಸ್ಕಾಂ ಬಿಲ್ ಓನರ್ ಹೆಸರಲ್ಲಿ. ನಾನು ಆ ಮನೇಲಿದ್ದೆ ಅನ್ನೋಕೆ ಕಾಗದವೇ ಇಲ್ಲ. ಏಜೆಂಟ್ ಒಬ್ಬರು ಹಳೇ ತಾರೀಖು ಹಾಕಿ ನನ್ನ ಹೆಸರೂ ಇರೋ ಅಗ್ರಿಮೆಂಟ್ ಮಾಡಿಸಿಕೊಡ್ತೀನಿ ಅಂತಿದ್ದಾರೆ.

ವಿಜಯನಗರ ಅಕ್ಕ: ಬೇಡಮ್ಮ, ದಯವಿಟ್ಟು ಬೇಡ. ಇ-ಸ್ಟಾಂಪ್ ಮೇಲೆ ನಂಬರು, ತಾರೀಖು ಎರಡೂ ಇರುತ್ತೆ. ಸುಳ್ಳು ದಾಖಲೆ ಅಂತಾದ್ರೆ ಆಸ್ಟ್ರೇಲಿಯಾದ ವೀಸಾ ನಿಯಮ 4020ರಡಿ ಮೂರು ವರ್ಷ ವೀಸಾ ಇಲ್ಲ. ಫೀಸೇ 9,000 ಡಾಲರಿಗೂ ಮೇಲೆ, ರಿಜೆಕ್ಟ್ ಆದ್ರೆ ವಾಪಸ್ ಬರಲ್ಲ.

ರಾಜಾಜಿನಗರ: ರಿಜಿಸ್ಟರ್ ಮದುವೆ ಆಗ್ಬಿಡಿ. ಮದುವೆಯಾಗದ ಜೋಡಿಯ ಸಂಬಂಧಕ್ಕೆ 12 ತಿಂಗಳಾದರೂ ಆಗಿರಬೇಕು ಅಂತಾರಲ್ಲ, ಮದುವೆಯಾದವರಿಗೆ ಆ ಲೆಕ್ಕವೇ ಇಲ್ಲ.

ಜೆ.ಪಿ. ನಗರದವಳು: ನಮ್ಮದು ಬೇರೆ ಬೇರೆ ಧರ್ಮ ಸರ್. ಸ್ಪೆಷಲ್ ಮ್ಯಾರೇಜ್ ಆಕ್ಟ್‌ನಲ್ಲಿ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಆ ನೋಟಿಸ್ ಕಚೇರಿ ಬೋರ್ಡಿಗೆ ಅಂಟಿಸ್ತಾರೆ. ಮನೇಲಿ ಇನ್ನೂ ಹೇಳಿಲ್ಲ.

ಮಲ್ಲೇಶ್ವರ 18ನೇ ಕ್ರಾಸ್: ಓನರ್ ಹತ್ರ ಒಂದು ಪತ್ರ ಬರೆಸ್ಕೊಳ್ಳಿ, ಸಾಕು.

ಜೆ.ಪಿ. ನಗರದವಳು: ಅದೇ ಕಷ್ಟ. ಮನೆ ನೋಡೋಕೆ ಹೋದಾಗ ಆಂಟಿ “ಫ್ಯಾಮಿಲೀನಾ?” ಅಂದ್ರು, ಹೌದು ಅಂದ್ವಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಕರೆದು ಅರಿಶಿನ ಕುಂಕುಮ ಕೊಟ್ಟು ಮಡಿಲು ತುಂಬಿದ್ರು. ಅವರು ಬರೆದ್ರೆ ಗಂಡ ಹೆಂಡತಿ ಅಂತಾನೇ ಬರೀತಾರೆ.

ವಿಜಯನಗರ ಅಕ್ಕ: ಹಾಗಾದ್ರೆ ಆಂಟಿಗೆ ನಿಜ ಹೇಳಿ, ಆಮೇಲೆ ಪತ್ರ ಕೇಳಿ. ಬೈದರೂ ಬೈಯಲಿ. ಅರ್ಜಿಯಲ್ಲಿ ಒಂದು, ಪತ್ರದಲ್ಲಿ ಇನ್ನೊಂದು ಇದ್ರೆ ನಿಮಗೇ ತೊಂದರೆ. ಬಾಡಿಗೆಯಲ್ಲಿ ನಿಮ್ಮ ಪಾಲು ಅವನಿಗೆ ಯುಪಿಐ ಮಾಡಿರ್ತೀರಲ್ಲ, ಆ ಸ್ಟೇಟ್‌ಮೆಂಟ್ ತೆಗೀರಿ. ಆ ವಿಳಾಸಕ್ಕೆ ನಿಮ್ಮ ಹೆಸರಲ್ಲಿ ಬಂದ ಪಾರ್ಸೆಲ್ ಬಿಲ್ಲುಗಳನ್ನೂ ಜೋಡಿಸಿ. ಹಣ, ಮನೆ, ಬಂಧುಬಳಗ, ಮುಂದಿನ ಬದುಕು, ನಾಲ್ಕೂ ಕಡೆಯಿಂದ ನೋಡ್ತಾರೆ.

ಸಿಡ್ನಿ ಕನ್ನಡಿಗ: ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ. ಪಿಆರ್ ಅರ್ಜಿಯಲ್ಲಿ ಅವರು ಸಂಬಂಧದ ಬಗ್ಗೆ ಏನು ಬರೆದಿದ್ದಾರೆ? 2019ರ ನವೆಂಬರ್‌ನಿಂದ ಪಿಆರ್ ಅರ್ಜಿಗೆ ಹಾಕೋ ಅಂಕಗಳಲ್ಲಿ ಸಿಂಗಲ್ ಅಂದವರಿಗೆ 10 ಪಾಯಿಂಟ್ ಕೊಡ್ತಾರೆ. ಅದನ್ನ ತಗೊಂಡಿದ್ರೆ, ಅದೇ ಸಮಯದಲ್ಲಿ ಒಟ್ಟಿಗೆ ಬಾಳ್ತಿದ್ವಿ ಅಂತ ನೀವೀಗ ತೋರಿಸೋ ಪ್ರತಿ ಕಾಗದವೂ ಅವರ ಪಿಆರ್‌ಗೇ ಕುತ್ತು.

ಜೆ.ಪಿ. ನಗರದವಳು: ಈಗಷ್ಟೇ ಫೋನ್ ಮಾಡಿದೆ. “ನೆವರ್ ಮ್ಯಾರೀಡ್” ಅಂತ ಟಿಕ್ ಮಾಡಿದಾನಂತೆ, 10 ಪಾಯಿಂಟೂ ತಗೊಂಡಿದಾನೆ. ಮದುವೆ ಆಗಿಲ್ಲವಲ್ಲ, ಅದೇ ಸರಿ ಅಂದುಕೊಂಡನಂತೆ. ಆಗ ಒಟ್ಟಿಗೆ ಇರೋಕೆ ಶುರುಮಾಡಿ ಒಂಬತ್ತು ತಿಂಗಳಾಗಿತ್ತು.

ರಾಜಾಜಿನಗರ: ಅದಕ್ಕೇ ಹೇಳಿದ್ದು. ಮದುವೆಯಾಗಿ ಹೊಸದಾಗಿ ಹಾಕಿ, ಹಳೇದನ್ನ ಯಾಕೆ ಎತ್ತೋದು?

ಸಿಡ್ನಿ ಕನ್ನಡಿಗ: ಸರ್, ಸಂಬಂಧ ಯಾವಾಗ ಶುರುವಾಯ್ತು ಅಂತ ಫಾರಂನಲ್ಲೇ ಕೇಳ್ತಾರೆ. ಮದುವೆಯಾದರೂ ಆ ತಾರೀಖು ಬರೀಲೇಬೇಕು. ಮುಚ್ಚಿಟ್ಟರೆ ಒಂದು ತಪ್ಪು ಎರಡಾಗುತ್ತೆ. ತಂಗಿ, ಏನನ್ನೂ ಅಪ್‌ಲೋಡ್ ಮಾಡ್ಬೇಡಿ. ಅಲ್ಲಿನ ಇಮಿಗ್ರೇಶನ್ ವಕೀಲರೊಬ್ಬರಿಗೆ ದುಡ್ಡು ಕೊಟ್ಟು ಅವರ ಪಿಆರ್ ಫೈಲ್ ಪೂರ್ತಿ ಓದಿಸಿ. ಅದರ ಮೇಲೆ ಮದುವೆಯೋ, ಹೀಗೇ ಅರ್ಜಿಯೋ ತೀರ್ಮಾನ ಮಾಡಿ.

ಜೆ.ಪಿ. ನಗರದವಳು: ಆಯ್ತಣ್ಣ. ಏಜೆಂಟ್‌ಗೆ ಬೇಡ ಅಂತ ಮೆಸೇಜ್ ಹಾಕಿದೆ. ಅವನು ನಾಳೆ ಅಲ್ಲಿ ವಕೀಲರನ್ನ ಹುಡುಕ್ತಾನೆ. ಭಾನುವಾರ ಅಮ್ಮನಿಗೆ ಹೇಳ್ತೀನಿ, ನೋಟಿಸ್ ಬೋರ್ಡ್ ನೋಡಿ ಗೊತ್ತಾಗೋದು ಬೇಡ.