ಸಹಾಯ ಬೇಕು: ಅಘನಾಶಿನಿಯ ಪಾಠವನ್ನು ಒಂಬತ್ತನೇ ತರಗತಿಗೆ ಹೇಗೆ ಮಾಡಲಿ?

ನಮಸ್ಕಾರ. ಕುಮಟಾ ಕಡೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ‘ಕರಾವಳಿಗೆ ಕೈಗಾರಿಕೆ ಬೇಕೇ?’ ಎಂದು ಚರ್ಚೆ ಇಟ್ಟೆ. ಹತ್ತೇ ನಿಮಿಷದಲ್ಲಿ ಅದು ಕಬಡ್ಡಿ ಪಂದ್ಯವಾಯಿತು. ವಿಷಯ ಕೊಟ್ಟ ರೀತಿಯೇ ತಪ್ಪು, ಒಪ್ಪಿಕೊಳ್ಳುತ್ತೇನೆ.

ಗದ್ದಲದ ನಡುವೆ ಒಬ್ಬಳು ಹುಡುಗಿ ಕೇಳಿದಳು: “ಸರ್, ನಮ್ಮಪ್ಪ ಸಿಗಡಿ ಕೆರೆಯಲ್ಲಿ ಕೆಲಸ ಮಾಡುತ್ತಾರೆ. ಅಜ್ಜಿ ಹೊಳೆಯಲ್ಲಿ ಚಿಪ್ಪಿಕಲ್ಲು ಹೆಕ್ಕುತ್ತಾರೆ. ನಾನು ಯಾವ ಪಕ್ಷ?” ಉತ್ತರ ಹೊಳೆಯಲಿಲ್ಲ.

ಹಾಗಾಗಿ ಅವಳ ಮನೆಯಿಂದಲೇ ಪಾಠ ಆರಂಭಿಸಬೇಕೆಂದಿದ್ದೇನೆ. ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಿದ್ದ ಗಜನಿ ಭೂಮಿ (ಅಘನಾಶಿನಿ ಹೊಳೆಯ ದಂಡೆಯಲ್ಲಿ ಉಬ್ಬರದ ನೀರು ಬರುವ ತಗ್ಗು ಗದ್ದೆ), ಅದರಲ್ಲಿ ಎಷ್ಟೋ ಭಾಗ ಸಿಗಡಿ ಕೆರೆಯಾದದ್ದು, ಹೊಳೆ ಕಡಲು ಸೇರುವಲ್ಲಿರುವ ತದಡಿಯಲ್ಲಿ ವಿದ್ಯುತ್ ಸ್ಥಾವರ ಮತ್ತು ಬಂದರಿನ ಪ್ರಸ್ತಾಪಗಳು, 2024ರಲ್ಲಿ ಅಘನಾಶಿನಿಯ ಅಳಿವೆಗೆ ಸಿಕ್ಕ ರಾಮ್ಸರ್ ಮಾನ್ಯತೆ (ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ). ಇವೆಲ್ಲ ಹದಿನಾಲ್ಕು ವರ್ಷದ ಮಕ್ಕಳಿಗೆ ಒಂದೇ ಕಥೆಯಾಗಿ ತಲುಪಬೇಕು.

ಗಜನಿಯ ಕಟ್ಟೆ, ತೂಬುಗಳ ಹಳೆಯ ಫೋಟೋ ಯಾರಲ್ಲಾದರೂ ಇದೆಯೇ? ಉಬ್ಬರ ಇಳಿತ ನೋಡಿ ನೀರು ಬಿಡುತ್ತಿದ್ದ ಹಿರಿಯರು ತರಗತಿಗೆ ಬಂದು ಅರ್ಧ ಗಂಟೆ ಮಾತನಾಡಬಹುದೇ? ಕಡಲತೀರದಲ್ಲಿ ಕಟ್ಟಡ, ಕೈಗಾರಿಕೆಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ನಿಯಮವನ್ನು (1991ರದ್ದು, ಆಮೇಲೆ 2011 ಮತ್ತು 2019ರಲ್ಲಿ ಬದಲಾದದ್ದು) ಸರಳವಾಗಿ ಕಲಿಸಿದ ಶಿಕ್ಷಕರಿದ್ದರೆ ನಿಮ್ಮ ಟಿಪ್ಪಣಿ ಕಳುಹಿಸಿ. ಬಂದರು ಬೇಕು ಎನ್ನುವವರೂ ದಯವಿಟ್ಟು ಬರೆಯಿರಿ. ಆ ವಾದ ನನ್ನ ಬಾಯಲ್ಲಿ ಸೊರಗುತ್ತದೆ.

ಮುಂದಿನ ಸೋಮವಾರ ಇಳಿತದ ಹೊತ್ತಿಗೆ ಮಕ್ಕಳನ್ನು ಹೊಳೆದಂಡೆಗೆ ಕರೆದೊಯ್ಯುತ್ತಿದ್ದೇನೆ. ಅಷ್ಟರೊಳಗೆ ತಿಳಿಸಿದರೆ ಉಪಕಾರ.